ಟ್ರೇನಿಂಗಿನ ಮಾರ್ಕ್ಸು ಎಲ್ಲಿವರೆಗೆ ಜೊತೆಗೆ ಬರುತ್ತದೆ?

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರ ಕೊಟ್ಟವರು: 1988ರಿಂದ 2008ರವರೆಗೆ ವಾಯುಪಡೆಯಲ್ಲಿ ರೇಡಿಯೊ ಫಿಟ್ಟರ್ ಆಗಿದ್ದ ನಿವೃತ್ತ ಸಾರ್ಜೆಂಟ್

ಪ್ರಶ್ನೆ: ಸರ್, ನಮಸ್ಕಾರ. ನನ್ನ ಮಗ ಅಗ್ನಿವೀರ್ ವಾಯು ಆಗಿ ಸೇರಿದ್ದಾನೆ. ಬೆಳಗಾವಿಯ ಸಾಂಬ್ರಾದಲ್ಲಿ ಮೊದಲ ಟ್ರೇನಿಂಗ್ ಮುಗಿಸಿ ಈಗ ಟೆಕ್ನಿಕಲ್ ಕೆಲಸ ಕಲಿಯುತ್ತಿದ್ದಾನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿ ಸೈನ್ಸಿನಲ್ಲಿ ಒಳ್ಳೇ ಮಾರ್ಕ್ಸ್ ತೆಗೆದಿದ್ದ. ಹೋದ ತಿಂಗಳ ಟೆಸ್ಟಿನಲ್ಲಿ ಪಾಸೇನೋ ಆದ, ಆದರೆ ಬ್ಯಾಚಿನಲ್ಲಿ ತೀರಾ ಹಿಂದೆ. ಫೋನ್ ಸಿಕ್ಕಾಗೆಲ್ಲ ಅಳುತ್ತಾನೆ. 'ಅವ್ವಾ, ಇಲ್ಲೇ ಹಿಂದ ಬಿದ್ರ ನಾಲ್ಕ ವರ್ಷ ಆದಮ್ಯಾಲೆ ನನ್ನ ಇಟ್ಕೊಳ್ಳಂಗಿಲ್ಲ, ಹೊರಗೂ ಯಾರೂ ಕೆಲಸ ಕೊಡಂಗಿಲ್ಲ' ಅಂತಾನೆ. ಅವನ ಅಪ್ಪ ಇಲ್ಲ. ನನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಈ ಮಾರ್ಕ್ಸು ಅವನ ಮುಂದಿನ ಜೀವನಕ್ಕೆ ಅಷ್ಟು ಮುಖ್ಯವೇ?
– ಒಬ್ಬ ತಾಯಿ, ಗದಗ ಜಿಲ್ಲೆ

ಉತ್ತರ: ಅಕ್ಕಾ, ನೇರ ಉತ್ತರ ಮೊದಲು ಹೇಳುತ್ತೇನೆ. ಮಾರ್ಕ್ಸು ಲೆಕ್ಕಕ್ಕೆ ಬರುತ್ತದೆ. ಆದರೆ ನಿಮ್ಮ ಮಗ ಹೆದರಿರುವಷ್ಟು ದೂರ ಅದು ಬರುವುದಿಲ್ಲ. ಟ್ರೇನಿಂಗ್ ನಡೆಯುವಾಗ ಜಾಸ್ತಿ, ಸೇವೆಯಲ್ಲಿ ಸ್ವಲ್ಪ, ಹೊರಗೆ ಬಂದ ಮೇಲೆ ಬಹಳ ಕಡಿಮೆ.

ಟ್ರೇನಿಂಗ್ ನಡೆಯುವಾಗ ಯಾಕೆ ಜಾಸ್ತಿ ಅಂದರೆ, ಅಲ್ಲಿ ಫೇಲಾದರೆ ಹಿಂದಿನ ಬ್ಯಾಚಿಗೆ ಹಾಕಬಹುದು. ಅದಕ್ಕೆ ಅಲ್ಲಿ 'ರೆಲಿಗೇಟ್' ಅನ್ನುತ್ತಾರೆ. ಜೊತೆಯವರೆಲ್ಲ ಯೂನಿಟ್‌ಗೆ ಹೋಗುತ್ತಾರೆ, ನಾವು ಅದೇ ಬೆಂಚಿನಲ್ಲಿ ಮತ್ತೆ ಕೂರಬೇಕು. ಅದು ನಿಜವಾಗಿ ಕಷ್ಟ. ನಿಮ್ಮ ಮಗ ಪಾಸಾಗಿದ್ದಾನೆ. ಆ ಕಷ್ಟ ಅವನಿಗೆ ಬಂದಿಲ್ಲ.

ಇನ್ನು ನಾಲ್ಕು ವರ್ಷದ ಮಾತು. 2022ರ ಜೂನ್‌ನಲ್ಲಿ ಅಗ್ನಿಪಥ್ ಯೋಜನೆ ಬಂದಾಗ ಹೇಳಿದ್ದು ಇಷ್ಟು: ಒಂದು ಬ್ಯಾಚಿನಲ್ಲಿ ಶೇ 25ರವರೆಗೆ ಮಾತ್ರ ಕಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ. ಹಾಗೆ ಉಳಿದವರು ಮತ್ತೆ ಕನಿಷ್ಠ 15 ವರ್ಷ ಇರಬೇಕು. ಮಿಕ್ಕವರು ಸೇವಾ ನಿಧಿಯ ದುಡ್ಡು ತೆಗೆದುಕೊಂಡು ಹೊರಗೆ ಬರುತ್ತಾರೆ. ಬಡ್ಡಿ ಸೇರಿ ಅದು ಸುಮಾರು 11.71 ಲಕ್ಷ ರೂಪಾಯಿ. ಪಿಂಚಣಿ ಇರುವುದಿಲ್ಲ. ಮಾಜಿ ಸೈನಿಕ ಎಂಬ ಸ್ಥಾನವೂ ಸಿಗುವುದಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ. ನನ್ನ ಕಾಲದಲ್ಲಿ ಸೇರಿದ ಹುಡುಗನಿಗೆ 20 ವರ್ಷದ ಸೇವೆ ಮುಂದೆ ಕಾಣುತ್ತಿತ್ತು. ನಿಮ್ಮ ಮಗನ ಹೆದರಿಕೆಗೆ ಕಾರಣ ಇದೆ.

ಆದರೆ ಉಳಿಸಿಕೊಳ್ಳುವಾಗ ನೋಡುವುದು ನಾಲ್ಕೂ ವರ್ಷದ ಕೆಲಸವನ್ನು. ಟ್ರೇನಿಂಗ್ ಅದರಲ್ಲಿ ಒಂದು ಭಾಗ. ಒಂದು ತಿಂಗಳ ಒಂದು ಟೆಸ್ಟು ಅದರಲ್ಲಿ ಇನ್ನೂ ಚಿಕ್ಕದು. ಯೂನಿಟ್‌ನಲ್ಲಿ ಕೈಕೆಲಸ ಹೇಗೆ, ನಡತೆ ಹೇಗೆ, ಮೈ ಗಟ್ಟಿಯಾಗಿದೆಯಾ, ಮೇಲಿನವರು ಏನು ಬರೆಯುತ್ತಾರೆ, ಇದೆಲ್ಲ ಇನ್ನೂ ಮುಂದೆ ಇದೆ.

ನನ್ನದೇ ಕಥೆ ಹೇಳುತ್ತೇನೆ, ಅವನಿಗೆ ಓದಿ ಹೇಳಿ. ನಾನು ನಿಮ್ಮ ಪಕ್ಕದ ಹಾವೇರಿ ಕಡೆಯವನು. ನನ್ನದೂ ಕನ್ನಡ ಮೀಡಿಯಂ. ರೇಡಿಯೊ ಟ್ರೇಡ್ ಕಲಿಯಲು ಬೆಂಗಳೂರಿನ ಜಾಲಹಳ್ಳಿಗೆ ಕಳಿಸಿದರು. ಎರಡನೇ ಮಹಾಯುದ್ಧದ ಸಮಯದಲ್ಲಿ ಅಲ್ಲಿ ಇಟಲಿಯ ಯುದ್ಧ ಕೈದಿಗಳ ಶಿಬಿರಗಳು ಇದ್ದವು. ನಾವು ಹೋಗುವ ಹೊತ್ತಿಗೆ ಆ ಕಡೆಯೆಲ್ಲ ವಾಯುಪಡೆ, ಬಿಇಎಲ್, ಎಚ್‌ಎಂಟಿ. ಮರಗಳು ಬಹಳ ಇದ್ದವು. ಬೆಳಿಗ್ಗೆ ಚಳಿಯಲ್ಲಿ ಸಾಲಾಗಿ ಕ್ಲಾಸಿಗೆ ಹೋಗುತ್ತಿದ್ದೆವು.

ನನ್ನ ಎರಡನೇ ಟೆಸ್ಟಿನಲ್ಲಿ, ಪಾಸಾದವರ ಪಟ್ಟಿಯಲ್ಲಿ ನಾನು ಕೊನೆಯಿಂದ ಮೂರನೆಯವನು. ಪ್ರಶ್ನೆ ಇದ್ದದ್ದು ಸೂಪರ್‌ಹೆಟ್ ರಿಸೀವರ್ ಮೇಲೆ. ಮಾಮೂಲಿ ರೇಡಿಯೊ ಸೆಟ್ ಒಳಗಿನ ವ್ಯವಸ್ಥೆಗೆ ಹಾಗೆ ಹೆಸರು. ಚೌಕ ಚೌಕವಾಗಿ ಚಿತ್ರ ಬರೆಯಬೇಕು: ಆಂಟೆನಾ, ಆರ್‌ಎಫ್ ಆಂಪ್ಲಿಫೈಯರ್, ಮಿಕ್ಸರ್, ಲೋಕಲ್ ಆಸಿಲೇಟರ್, ಐಎಫ್, ಡಿಟೆಕ್ಟರ್, ಆಡಿಯೊ. ಚೌಕಗಳನ್ನು ಬಾಯಿಪಾಠ ಮಾಡಿದ್ದೆ. ಬರೆದೆ. 'ಮಿಕ್ಸರ್ ಯಾಕೆ ಬೇಕು' ಅನ್ನುವ ಪ್ರಶ್ನೆಗೆ ಅರ್ಧ ಪುಟ ಇಂಗ್ಲಿಷ್ ಬರೆದೆ, ಅದರಲ್ಲಿ ನನಗೇ ಅರ್ಥವಾಗದ ಮಾತುಗಳಿದ್ದವು. ಸೊನ್ನೆ ಬಂತು.

ನಮ್ಮ ಇನ್‌ಸ್ಟ್ರಕ್ಟರ್ ಒಬ್ಬ ತಮಿಳು ಸಾರ್ಜೆಂಟ್. ಸಂಜೆ ಕರೆದು ಕೇಳಿದರು, 'ನಿಮ್ಮ ಮನೆಯಲ್ಲಿ ರೇಡಿಯೊ ಇದೆಯಾ? ಯಾವ ಸ್ಟೇಷನ್ ಕೇಳ್ತೀರಿ?' ಧಾರವಾಡ ಅಂದೆ. 'ಎಷ್ಟು ಕಿಲೋಹರ್ಟ್ಸ್?' 765. ಅದು ಬಾಯಲ್ಲೇ ಇತ್ತು, ದಿನಾ ಕೇಳಿದ ಸಂಖ್ಯೆ. ಆಗ ಅವರು ಒಂದು ಸಿಗರೇಟ್ ಪ್ಯಾಕಿನ ಹಿಂದೆ ಬರೆದರು. ಆಂಟೆನಾದಿಂದ 765 ಬರುತ್ತದೆ. ಸೆಟ್ಟಿನ ಒಳಗೇ ಆಸಿಲೇಟರ್ 1220 ಹುಟ್ಟಿಸುತ್ತದೆ. ಮಿಕ್ಸರ್‌ನಲ್ಲಿ ಎರಡೂ ಸೇರಿ ವ್ಯತ್ಯಾಸ 455 ಹೊರಗೆ ಬರುತ್ತದೆ. ಈಗ ಮುಳ್ಳನ್ನು ಬೆಂಗಳೂರು ಸ್ಟೇಷನ್ನಿಗೆ ತಿರುಗಿಸಿ. ಅದು 612. ಆಸಿಲೇಟರ್ ತಾನೂ ಕೆಳಗಿಳಿದು 1067 ಆಗುತ್ತದೆ. ವ್ಯತ್ಯಾಸ ಮತ್ತೆ 455. ಯಾವ ಊರಿನ ಸ್ಟೇಷನ್ ಬಂದರೂ ಒಳಗೆ ಹೋಗುವುದು 455 ಮಾತ್ರ. ಹಾಗಾಗಿ ಮುಂದಿನ ಆಂಪ್ಲಿಫೈಯರನ್ನು ಆ ಒಂದೇ ಸಂಖ್ಯೆಗೆ ಚೆನ್ನಾಗಿ ಹದ ಮಾಡಿ ಇಟ್ಟರೆ ಸಾಕು.

ಅಕ್ಕಾ, ಆ ಸಂಜೆ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ. ನಮ್ಮ ಅಡುಗೆಮನೆ ಗೂಡಿನಲ್ಲಿದ್ದ ರೇಡಿಯೊ ಒಳಗೆ ಏನು ನಡೆಯುತ್ತಿತ್ತು ಎಂದು ಮೊದಲ ಸಲ ಗೊತ್ತಾಯಿತು. ನನಗೆ ಬುದ್ಧಿ ಕಡಿಮೆ ಇರಲಿಲ್ಲ. ಓದುತ್ತಿದ್ದ ಭಾಷೆ ಕೈಗೆ ಬಂದಿರಲಿಲ್ಲ, ಅಷ್ಟೇ. ನಿಮ್ಮ ಮಗನಿಗೂ ಅದೇ ಆಗಿರಬಹುದು. ಪಿಯುಸಿಯಲ್ಲಿ ಚೆನ್ನಾಗಿ ಓದಿದ ಹುಡುಗ ಎರಡು ತಿಂಗಳಲ್ಲಿ ದಡ್ಡ ಆಗುವುದಿಲ್ಲ. ಪಾಠ ಅರ್ಥವಾಗದಿದ್ದರೆ ಮೊದಲು ಅದನ್ನು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಳ್ಳಲಿ. ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ನಾನು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಬರೆಯುತ್ತಿದ್ದೆ. ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ ಕೇಳಲಿ. ಕೇಳಿದ್ದಕ್ಕೆ ಮಾರ್ಕ್ಸ್ ಕಡಿಮೆ ಮಾಡಿದವರನ್ನು ನಾನು ನೋಡಿಲ್ಲ.

ಅದೇ ಸಾರ್ಜೆಂಟ್ ಕಲಿಸಿದ ಇನ್ನೊಂದು ವಿಷಯ ನನ್ನ ಇಡೀ ಜೀವನಕ್ಕೆ ಅನ್ನ ಕೊಟ್ಟಿತು. ಸೆಟ್ಟು ಕೆಟ್ಟಿದೆ. ಸಾಲಾಗಿ ಎಂಟು ಹಂತ ಇದೆ. ಎಲ್ಲಿ ಕೆಟ್ಟಿದೆ ಗೊತ್ತಿಲ್ಲ. ಹೊಸಬರು ಮೊದಲ ಹಂತದಿಂದ ಒಂದೊಂದೇ ನೋಡುತ್ತಾ ಹೋಗುತ್ತಾರೆ. ಅವರು ಹೇಳಿದ್ದು, ನಡುವಿಗೆ ಹೋಗು. ನಾಲ್ಕನೇ ಹಂತದ ಕೊನೆಯಲ್ಲಿ ಸಿಗ್ನಲ್ ಸರಿ ಇದ್ದರೆ ಮೊದಲ ನಾಲ್ಕು ಚೆನ್ನಾಗಿವೆ, ಅವನ್ನು ಮರೆತುಬಿಡು. ಉಳಿದ ನಾಲ್ಕರ ನಡುವಿಗೆ ಹೋಗು. ಆಮೇಲೆ ಉಳಿದ ಎರಡರ ನಡುವಿಗೆ. ಮೂರೇ ಸಲ ಮೀಟರ್ ಇಟ್ಟರೆ ಕೆಟ್ಟ ಹಂತ ಸಿಕ್ಕಿತು. ಪ್ರಾಕ್ಟಿಕಲ್ ಟೆಸ್ಟಿನಲ್ಲಿ ಅವರು ಬೇಕೆಂದೇ ಕೆಡಿಸಿಟ್ಟ ಸೆಟ್ಟನ್ನು ನಾನು ಬೇಗ ಹಿಡಿದೆ. ಕೊನೆಯ ಪಟ್ಟಿಯಲ್ಲಿ ನಡುವಿಗೆ ಬಂದೆ. ಮೇಲೆ ಬರಲಿಲ್ಲ.

ಹಾಗಾದರೆ ಮೇಲೆ ಬಂದವರಿಗೆ ಏನು ಲಾಭ ಆಯಿತು? ಆಯಿತು, ಅದನ್ನೂ ಹೇಳಬೇಕು. ನಮ್ಮ ಬ್ಯಾಚಿನ ಮೊದಲನೆಯವನು ಕೆಲವು ವರ್ಷದ ನಂತರ ಅದೇ ಜಾಲಹಳ್ಳಿಗೆ ಇನ್‌ಸ್ಟ್ರಕ್ಟರ್ ಆಗಿ ಬಂದ. ಅವನಿಗೆ ಕಲಿಸುವುದು ಬರುತ್ತಿತ್ತು, ಅವನ ಮಾರ್ಕ್ಸು ಅದನ್ನು ಮೊದಲೇ ಹೇಳಿತ್ತು. ಮಾರ್ಕ್ಸಿಗೆ ಬೆಲೆಯೇ ಇಲ್ಲ ಎಂದು ನಾನು ಯಾವ ಹುಡುಗನಿಗೂ ಹೇಳುವುದಿಲ್ಲ. ಓದುವ ಮಗುವಿಗೆ ಅದು ಅನ್ಯಾಯ.

ಆದರೆ ನಮ್ಮೆಲ್ಲರ ಮುಂದಿನ ದಾರಿಯನ್ನು ಮಾರ್ಕ್ಸಿಗಿಂತ ಜಾಸ್ತಿ ತಿರುಗಿಸಿದ್ದು ಮೊದಲ ಪೋಸ್ಟಿಂಗು. ನನ್ನನ್ನು ಪಶ್ಚಿಮದ ಕಡೆಯ ಒಂದು ಮಿಗ್-21 ಸ್ಕ್ವಾಡ್ರನ್ನಿಗೆ ಹಾಕಿದರು. ಪಟ್ಟಿಯಲ್ಲಿ ನನ್ನ ಕೆಳಗಿದ್ದ ಗೆಳೆಯನನ್ನು ದೆಹಲಿಗೆ ಹಾಕಿದರು, ಬೋಯಿಂಗ್ 737 ಇರುವ ಕಡೆ. ಎಲ್ಲಿ ಜಾಗ ಖಾಲಿ ಇತ್ತೋ ಅಲ್ಲಿಗೆ ಕಳಿಸಿದರು, ಅಷ್ಟೇ. ಇಪ್ಪತ್ತು ವರ್ಷದ ನಂತರ ಅದರ ವ್ಯತ್ಯಾಸ ಕಾಣಿಸಿತು. ಬೋಯಿಂಗ್ 737 ವಿಮಾನ ಕಂಪನಿಗಳ ಹತ್ತಿರವೂ ಇದೆ. ಅವನು ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆಗಳನ್ನು ಬರೆದು ಲೈಸೆನ್ಸ್ ತೆಗೆದುಕೊಂಡ, ವಿಮಾನ ಕಂಪನಿ ಸೇರಿದ. ನನ್ನ ಮಿಗ್ ಹೊರಗಡೆ ಎಲ್ಲೂ ಇಲ್ಲ. 1963ರಲ್ಲಿ ವಾಯುಪಡೆಗೆ ಬಂದ ಆ ವಿಮಾನವನ್ನು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟಾಗ ಟಿವಿ ಮುಂದೆ ಕೂತು ಪೂರ್ತಿ ನೋಡಿದೆ. ನನ್ನ ಕೈ ಆಡಿದ ವಿಮಾನ. ಕಣ್ಣು ತುಂಬಿತು.

ಆ ಸ್ಕ್ವಾಡ್ರನ್ನಿನಲ್ಲಿ ಯಾರೂ ನನ್ನ ಜಾಲಹಳ್ಳಿ ಮಾರ್ಕ್ಸ್ ಕೇಳಲಿಲ್ಲ. ಅಲ್ಲಿ ನೋಡುವುದು ಸಹಿಯನ್ನು. ಪ್ರತಿ ವಿಮಾನಕ್ಕೂ ಒಂದು ದಾಖಲೆ ಪುಸ್ತಕ ಇರುತ್ತದೆ, ಫಾರ್ಮ್ 700 ಅನ್ನುತ್ತಾರೆ. ಕೆಲಸ ಮಾಡಿದವನು ಅದರಲ್ಲಿ ಸಹಿ ಹಾಕುತ್ತಾನೆ. ಪೈಲಟ್ ಅದನ್ನು ನೋಡಿ ವಿಮಾನ ಹತ್ತುತ್ತಾನೆ. ನಮ್ಮ ಸಹಿ ನಂಬಿ ಅವನು ಹೋಗುತ್ತಾನೆ.

ಎರಡನೇ ವರ್ಷ ಒಂದು ಸಂಜೆ ಕೆಲಸ ಮುಗಿಸಿ ಟೂಲ್ ಬೋರ್ಡಿಗೆ ಟೂಲು ವಾಪಸ್ ಇಡುತ್ತಿದ್ದೆ. ಆ ಬೋರ್ಡಿನಲ್ಲಿ ಪ್ರತಿ ಟೂಲಿನ ಆಕಾರ ಬಣ್ಣದಲ್ಲಿ ಬರೆದಿರುತ್ತದೆ. ಯಾವುದು ಇಲ್ಲವೋ ಅದರ ನೆರಳು ಖಾಲಿ ಕಾಣುತ್ತದೆ. ಒಂದು ಚಿಕ್ಕ ಸ್ಕ್ರೂಡ್ರೈವರ್ ಇರಲಿಲ್ಲ. ಕತ್ತಲಾಗಿತ್ತು. ಮರುದಿನ ಬೆಳಿಗ್ಗೆ ಫ್ಲೈಯಿಂಗ್ ಇತ್ತು. ಆ ಸ್ಕ್ರೂಡ್ರೈವರ್ ಕಾಕ್‌ಪಿಟ್ ಒಳಗೆ ಬಿದ್ದಿದ್ದರೆ, ಗಾಳಿಯಲ್ಲಿ ವಿಮಾನ ಮಗುಚಿದಾಗ ಅದು ಉರುಳಿ ಕಂಟ್ರೋಲಿಗೆ ಸಿಕ್ಕಿಕೊಳ್ಳಬಹುದು. ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಹೋಗಿ ವಾರಂಟ್ ಆಫೀಸರಿಗೆ ಹೇಳಿದೆ. ನಾನು ಕೆಲಸ ಮಾಡಿದ ಎರಡು ವಿಮಾನವನ್ನೂ ನಿಲ್ಲಿಸಿದರು. ಟಾರ್ಚ್ ಹಿಡಿದು ಆರು ಜನ ಮೂರು ಗಂಟೆ ಹುಡುಕಿದೆವು. ಕೊನೆಗೆ ಸೀಟಿನ ಪಕ್ಕದ ಪ್ಯಾನೆಲ್ ಹಿಂದೆ ಸಿಕ್ಕಿತು. ತಪ್ಪು ನನ್ನದೇ. ಬೈಗುಳ ತಿಂದೆ, ಅದಕ್ಕೆ ಅರ್ಹನೂ ಆಗಿದ್ದೆ. ಆದರೆ ಒಂದು ತಿಂಗಳ ನಂತರ ಅದೇ ವಾರಂಟ್ ಆಫೀಸರ್ ಹೆಚ್ಚಿನ ಜವಾಬ್ದಾರಿಯ ಕೆಲಸವನ್ನು ನನಗೆ ಕೊಟ್ಟರು. 'ಕಳೆದುಹೋಗಿದ್ದನ್ನು ಹೇಳುವವನು ನನಗೆ ಬೇಕು' ಅಂದರು. ಮುಂದಿನ ವರ್ಷಗಳಲ್ಲಿ ನನ್ನ ಬಗ್ಗೆ ಮೇಲಿನವರು ಬರೆದದ್ದು ಇಂಥ ದಿನಗಳಿಂದ. ನಿಮ್ಮ ಮಗನಿಗೂ ಅವನ ನಾಲ್ಕು ವರ್ಷದಲ್ಲಿ ಇಂಥ ಸಂಜೆ ಬರುತ್ತದೆ.

ಹೊರಗೆ ಬಂದ ಮೇಲಿನ ಮಾತು. 2008ರಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋದೆ. ಅಲ್ಲಿಯವರು ಫೈಲ್ ತಿರುವಿ ಹಾಕಿ, ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ ಇದೆ ಅಂದರು. ಮಿಲಿಟರಿಯವನು ಎಂದರೆ ಗೇಟ್ ಕಾಯುವವನು ಎಂದು ಅವರು ತಿಳಿದಿದ್ದರು. ಗೇಟ್ ಕಾಯುವುದು ಕೆಳಮಟ್ಟದ ಕೆಲಸ ಅಲ್ಲ. ಆದರೆ ನಾನು ಇಪ್ಪತ್ತು ವರ್ಷ ಕಲಿತದ್ದು ಬೇರೆ. ನೋವಾಯಿತು. ಆಮೇಲೆ ಮನೆಗೆ ಬಂದು ನನ್ನ ಸರ್ಟಿಫಿಕೇಟನ್ನು ಅವರ ಕಣ್ಣಿನಿಂದ ನೋಡಿದೆ. 'ರೇಡಿಯೊ ಫಿಟ್ಟರ್' ಎಂದಿತ್ತು. ಹೊರಗಿನವರಿಗೆ ಅದರಿಂದ ಏನು ತಿಳಿಯಬೇಕು? ರೇಡಿಯೊ ರಿಪೇರಿ ಅಂಗಡಿ ನೆನಪಾಗುತ್ತದೆ, ಅಲ್ವಾ? ಕೂತು ಎರಡು ಪುಟ ಬರೆದೆ. ಯಾವ ಯಾವ ಉಪಕರಣ ಟೆಸ್ಟ್ ಮಾಡಿದ್ದೇನೆ, ಯಾವ ಮೀಟರ್ ಬಳಸಿದ್ದೇನೆ, ಎಷ್ಟು ಜನರಿಗೆ ಕೆಲಸ ಕಲಿಸಿದ್ದೇನೆ, ಯಾವ ದಾಖಲೆಗೆ ಸಹಿ ಹಾಕುವ ಅಧಿಕಾರ ಇತ್ತು, ಎಲ್ಲ ಬರೆದೆ.

ಮುಂದಿನ ಕಂಪನಿಯಲ್ಲಿ ಆ ಎರಡು ಪುಟ ಓದಿದ ಮ್ಯಾನೇಜರ್ ನನ್ನನ್ನು ನೇರವಾಗಿ ಟೇಬಲ್ ಹತ್ತಿರ ಕರೆದುಕೊಂಡು ಹೋದರು. ಒಂದು ಕೆಟ್ಟ ಪವರ್ ಸಪ್ಲೈ ಬೋರ್ಡು, ಒಂದು ಆಸಿಲೋಸ್ಕೋಪ್. ನೋಡಿ ಅಂದರು. ನಡುವಿಗೆ ಹೋದೆ. ಅಲ್ಲಿ ಸರಿ ಇತ್ತು. ಅರ್ಧ ಬಿಟ್ಟೆ. ಹತ್ತು ನಿಮಿಷದಲ್ಲಿ ಒಂದು ಕೆಪಾಸಿಟರ್ ಮೇಲೆ ಬೆರಳಿಟ್ಟೆ. ಆ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿ ಹನ್ನೊಂದು ವರ್ಷ ಇದ್ದೆ. ಮಾರ್ಕ್ಸ್ ಕಾರ್ಡನ್ನು ಅವರು ಒಂದು ದಿನವೂ ಕೇಳಲಿಲ್ಲ. ಆದರೆ ಸರ್ಟಿಫಿಕೇಟ್ ಕೇಳಿದರು. ಈ ವ್ಯತ್ಯಾಸ ನೆನಪಿರಲಿ ಅಕ್ಕಾ. ಎಷ್ಟು ಬಂತು ಎಂದು ಕೇಳುವುದಿಲ್ಲ, ಕಲಿತಿದ್ದಕ್ಕೆ ಕಾಗದ ಎಲ್ಲಿ ಎಂದು ಕೇಳುತ್ತಾರೆ.

ಆದ್ದರಿಂದ ಮಗನಿಗೆ ಇಷ್ಟು ಹೇಳಿ. ಕೈಗೆ ಕೊಟ್ಟ ಪ್ರತಿಯೊಂದು ಕೋರ್ಸ್ ಸರ್ಟಿಫಿಕೇಟಿನ ಪ್ರತಿ ಮನೆಯಲ್ಲೂ ಒಂದು ಇರಲಿ. ಯೂನಿಟ್ಟಿಗೆ ಹೋದ ಮೇಲೆ ತಾನು ಕಲಿತ ಕೈಕೆಲಸವನ್ನು ವಾರಕ್ಕೆ ನಾಲ್ಕು ಸಾಲು ಬರೆದಿಡಲಿ. ಗುಟ್ಟಿನ ವಿಷಯ, ಉಪಕರಣದ ನಂಬರು, ಯೂನಿಟ್ಟಿನ ವಿವರ ಯಾವುದನ್ನೂ ಬರೆಯಬಾರದು. ಸೋಲ್ಡರಿಂಗ್, ವೈರಿಂಗ್, ಟಾರ್ಕ್ ಹಾಕುವುದು, ಡ್ರಾಯಿಂಗ್ ಓದುವುದು, ಇಂಥ ಸಾಮಾನ್ಯ ಕೌಶಲ ಮಾತ್ರ. ನಾಲ್ಕು ವರ್ಷ ಮುಗಿದಾಗ ಅಗ್ನಿವೀರರಿಗೆ ಕೌಶಲದ ಸರ್ಟಿಫಿಕೇಟ್ ಕೊಡುತ್ತಾರೆ. ಇಗ್ನೋದಲ್ಲಿ ಅಗ್ನಿವೀರರಿಗೆಂದೇ ಮೂರು ವರ್ಷದ ಪದವಿ ಇದೆ. ಅದರಲ್ಲಿ ಅರ್ಧದಷ್ಟು ಕ್ರೆಡಿಟ್ ಸೇವೆಯಲ್ಲಿ ಕಲಿತ ಕೆಲಸಕ್ಕೇ ಸಿಗುತ್ತದೆ. ಅದಕ್ಕೆ ಸೇರಲು ಅವಕಾಶ ಸಿಕ್ಕ ಮೊದಲ ದಿನವೇ ಸೇರಲಿ. ಉಳಿಸಿಕೊಂಡರೆ ಸಂತೋಷ. ಹೊರಗೆ ಬಂದರೂ ಇಪ್ಪತ್ತೈದರ ಒಳಗಿನ ಹುಡುಗ ಪದವಿ ಜೊತೆ, ಕೆಲಸ ಗೊತ್ತಿರುವ ಕೈ ಜೊತೆ ಬರುತ್ತಾನೆ.

ಇನ್ನೊಂದು. ಮುಂದಿನ ಸಲ ಫೋನ್ ಬಂದಾಗ ಎಷ್ಟು ಮಾರ್ಕ್ಸ್ ಬಂತು ಅಂತ ಕೇಳಬೇಡಿ. ಇವತ್ತು ಏನು ಕಲಿತೆ, ನನಗೆ ತಿಳಿಯೋ ಹಾಗೆ ಹೇಳು ಅನ್ನಿ. ನಿಮಗೆ ತಿಳಿಯುವ ಹಾಗೆ ಹೇಳಲು ಬಂದರೆ ಅವನಿಗೆ ತಿಳಿದಿದೆ ಎಂದರ್ಥ. ನನ್ನ ಅವ್ವನಿಗೆ ನಾನು ರಜೆಯಲ್ಲಿ 765, 1220, 455 ಎಲ್ಲ ವಿವರಿಸಿದೆ. ಅವಳು ರೊಟ್ಟಿ ಬಡಿಯುತ್ತಾ ಕೇಳಿದಳು.

ಪ್ರಶ್ನೆ: ನಾನು ಇಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮಾಡಿದ್ದೇನೆ. ಎಎಫ್‌ಕ್ಯಾಟ್ (ವಾಯುಪಡೆಯ ಆಫೀಸರ್ ಆಯ್ಕೆ ಪರೀಕ್ಷೆ) ಮೂಲಕ ಟೆಕ್ನಿಕಲ್ ಬ್ರಾಂಚಿಗೆ ಆಯ್ಕೆ ಆಗಿದ್ದೇನೆ. ಟ್ರೇನಿಂಗಿನಲ್ಲಿ ಪಾಸಾದರೆ ಸಾಕು, ಆಫೀಸರಿಗೆ ಮಾರ್ಕ್ಸ್ ಯಾರು ನೋಡ್ತಾರೆ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?
– ಓದುಗರು, ಹಾಸನ

ಉತ್ತರ: ಅಭಿನಂದನೆ ಮೇಡಂ. ನಿಮ್ಮ ಸ್ನೇಹಿತರ ಮಾತು ಕೇಳಬೇಡಿ. ಏರ್‌ಮನ್ ಆಗಿದ್ದ ನಾನು ಆಫೀಸರುಗಳ ಬಡ್ತಿ ಮಂಡಳಿಯಲ್ಲಿ ಕೂತವನಲ್ಲ. ಆದರೆ ಇಷ್ಟಂತೂ ಹತ್ತಿರದಿಂದ ನೋಡಿದ್ದೇನೆ, ಆಫೀಸರುಗಳ ವಿಷಯದಲ್ಲಿ ಕೋರ್ಸಿನ ಫಲಿತಾಂಶ ನಮಗಿಂತ ಜಾಸ್ತಿ ಕಾಲ ಜೊತೆಗಿರುತ್ತದೆ. ಮುಂದಿನ ಕೋರ್ಸಿಗೆ, ಇನ್‌ಸ್ಟ್ರಕ್ಟರ್ ಜಾಗಕ್ಕೆ, ಎಂ.ಟೆಕ್‌ಗೆ ಕಳಿಸುವಾಗ ಹಿಂದಿನ ದಾಖಲೆ ತೆಗೆದು ನೋಡುತ್ತಾರೆ. ನಿಮ್ಮದು ಶಾರ್ಟ್ ಸರ್ವಿಸ್ ಕಮಿಷನ್ ಆದರೆ ಹತ್ತು ವರ್ಷ, ಆಮೇಲೆ ನಾಲ್ಕು ವರ್ಷ ವಿಸ್ತರಣೆ ಸಿಗಬಹುದು. ಪರ್ಮನೆಂಟ್ ಕಮಿಷನ್ ಬೇಕು ಎಂದು ಒಂದು ದಿನ ಅನಿಸಿದರೆ ಪೂರ್ತಿ ದಾಖಲೆಯೇ ನಿಮ್ಮ ಪರವಾಗಿ ಮಾತಾಡಬೇಕು.

ಟ್ರೇನಿಂಗ್ ಒಟ್ಟು ಸುಮಾರು 62 ವಾರ. ಮೊದಲು ಹೈದರಾಬಾದ್ ಹತ್ತಿರದ ದುಂಡಿಗಲ್‌ನ ವಾಯುಪಡೆ ಅಕಾಡೆಮಿ, ಆಮೇಲೆ ನಮ್ಮ ಜಾಲಹಳ್ಳಿಯ ಏರ್ ಫೋರ್ಸ್ ಟೆಕ್ನಿಕಲ್ ಕಾಲೇಜು. ಆ ಕಾಲೇಜು 1949ರಿಂದ ಇದೆ. ಅಲ್ಲಿಂದ ಬಂದ ಎಂಜಿನಿಯರಿಂಗ್ ಆಫೀಸರುಗಳ ಕೈಕೆಳಗೆ ನಾನು ಇಪ್ಪತ್ತು ವರ್ಷ ಕೆಲಸ ಮಾಡಿದೆ. ನಮ್ಮ ಹ್ಯಾಂಗರಿನಲ್ಲಿ ಅವರನ್ನು ಹೇಗೆ ಅಳೆಯುತ್ತಿದ್ದೆವು ಎಂದು ಹೇಳುತ್ತೇನೆ. ವೈರಿಂಗ್ ಡಯಾಗ್ರಾಂ ಟೇಬಲ್ ಮೇಲೆ ಹರಡಿದಾಗ ಅವರ ಬೆರಳು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಿದ್ದೆವು. ತೊಂಬತ್ತರ ದಶಕದ ಕೊನೆಯಲ್ಲಿ ಒಬ್ಬ ಮೇಡಂ ಬಂದರು, ಫ್ಲೈಟ್ ಲೆಫ್ಟಿನೆಂಟ್. ಒಂದು ವಿಮಾನದ ರೇಡಿಯೊ ಕಂಪಾಸ್ ಆಗಾಗ ತಪ್ಪು ದಿಕ್ಕು ತೋರಿಸುತ್ತಿತ್ತು. ನೆಲದ ಮೇಲೆ ಟೆಸ್ಟ್ ಮಾಡಿದರೆ ಸರಿ. ನಾವು ಎರಡು ಸಲ ಸೆಟ್ಟು ಬದಲಾಯಿಸಿದ್ದೆವು. ಅವರು ಸೆಟ್ಟಿನ ಹತ್ತಿರ ಹೋಗಲೇ ಇಲ್ಲ. ಕೇಬಲ್ ದಾರಿ ಹಿಡಿದು ಬಂದು, ಒಂದು ಕನೆಕ್ಟರನ್ನು ಕೈಯಲ್ಲಿ ಅಲ್ಲಾಡಿಸಿದರು. ಮುಳ್ಳು ಜಿಗಿಯಿತು. ಗಾಳಿಯಲ್ಲಿ ವಿಮಾನ ನಡುಗಿದಾಗ ಮಾತ್ರ ಬಿಡುತ್ತಿದ್ದ ಪಿನ್ನು ಅದು. ಆ ದಿನದಿಂದ ಅವರು ಹೇಳಿದ್ದನ್ನು ನಾವು ಎರಡನೇ ಮಾತಿಲ್ಲದೆ ಮಾಡಿದೆವು.

ನಿಮಗೆ ಡಿಗ್ರಿ ಇದೆ. ನಿಮ್ಮ ಕೈಕೆಳಗೆ ಬರುವವರಲ್ಲಿ ಹದಿನೈದು ವರ್ಷ ವಿಮಾನ ಮುಟ್ಟಿದವರು ಇರುತ್ತಾರೆ. ಟ್ರೇನಿಂಗಿನ ಪ್ರಾಕ್ಟಿಕಲ್ ಗಂಟೆಗಳಲ್ಲಿ ಕೈ ಕೊಳೆ ಮಾಡಿಕೊಳ್ಳಿ. ಅದರಲ್ಲಿ ಮಾರ್ಕ್ಸು ತಾನಾಗಿ ಬರುತ್ತದೆ.

ಪ್ರಶ್ನೆ: ನಾನು ಸೇನೆಯ ಇಎಂಇಯಲ್ಲಿ (ವಾಹನ, ಉಪಕರಣ ರಿಪೇರಿ ಮಾಡುವ ವಿಭಾಗ) ವೆಹಿಕಲ್ ಮೆಕ್ಯಾನಿಕ್ ಆಗಿ 17 ವರ್ಷ ಸೇವೆ ಮಾಡಿ ಹವಾಲ್ದಾರ್ ಆಗಿ ನಿವೃತ್ತಿ ಆದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಜೊತೆ ಟ್ರೇನಿಂಗಿನ ಗ್ರೇಡ್ ಶೀಟುಗಳೂ ಹೋದವು. ಓದಿದ್ದು ಎಸ್‌ಎಸ್‌ಎಲ್‌ಸಿ. ಈಗ ಕೇಂದ್ರ ಸರ್ಕಾರದ ಒಂದು ಗ್ರೂಪ್ ಸಿ ಹುದ್ದೆಗೆ ಡಿಗ್ರಿ ಕೇಳಿದ್ದಾರೆ. ಗ್ರೇಡ್ ಶೀಟ್ ಇಲ್ಲದೆ ಅರ್ಜಿ ಹಾಕಬಹುದೇ?
– ಮಾಜಿ ಸೈನಿಕ, ಕೊಡಗು

ಉತ್ತರ: ಹಾಕಬಹುದು ಸರ್. ನಿಮ್ಮ ಮನೆಗೆ ಆದದ್ದು ಓದಿ ಬೇಜಾರಾಯಿತು.

ನಿಮಗೆ ಇಲ್ಲಿ ಬೇಕಾಗಿರುವುದು ಗ್ರೇಡ್ ಅಲ್ಲ, ಸೇವೆಯ ವರ್ಷ. ಎಸ್‌ಎಸ್‌ಎಲ್‌ಸಿ ಪಾಸಾಗಿ ಸೇನೆಯಲ್ಲಿ 15 ವರ್ಷಕ್ಕೆ ಕಡಿಮೆ ಇಲ್ಲದೆ ಸೇವೆ ಮಾಡಿದ ಮಾಜಿ ಸೈನಿಕನನ್ನು, ಮಾಜಿ ಸೈನಿಕರಿಗೆ ಮೀಸಲಾದ ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ, ಡಿಗ್ರಿ ಕೇಳಿರುವ ಕಡೆಯೂ ಅರ್ಹ ಎಂದು ಪರಿಗಣಿಸಬಹುದು. ಆದರೆ ಆ ಹುದ್ದೆಗೆ ಟೆಕ್ನಿಕಲ್ ಅಥವಾ ವೃತ್ತಿಪರ ಅನುಭವ ಕಡ್ಡಾಯ ಎಂದಿದ್ದರೆ ಈ ಅನುಕೂಲ ಸಿಗುವುದಿಲ್ಲ. ಜಾಹೀರಾತಿನ ಆ ಸಾಲನ್ನು ಎರಡು ಸಲ ಓದಿ. ಕೇಂದ್ರದ ಸಾರ್ವಜನಿಕ ಉದ್ದಿಮೆಗಳಲ್ಲಿ ಮತ್ತು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಗ್ರೂಪ್ ಸಿ ಮಟ್ಟದ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 14.5 ಮೀಸಲಿದೆ. ಕೇಂದ್ರ ಇಲಾಖೆಗಳ ಗ್ರೂಪ್ ಸಿಯಲ್ಲಿ ಶೇ 10. ಒಂದೇ ಅರ್ಜಿ ಹಾಕಿ ಕಾಯುತ್ತಾ ಕೂರಬೇಡಿ.

ಮೆಕ್ಯಾನಿಕ್ ಕೆಲಸಕ್ಕೇ ಹೋಗುವುದಾದರೆ ಕಾಗದ ಬೇಕೇ ಬೇಕು. ಸಿಕಂದರಾಬಾದಿನ ಇಎಂಇ ರೆಕಾರ್ಡ್ಸ್‌ಗೆ ನಿಮ್ಮ ಆರ್ಮಿ ನಂಬರ್, ರ‍್ಯಾಂಕ್, ನಿವೃತ್ತಿಯ ತಾರೀಕು ಬರೆದು, ಡಿಸ್ಚಾರ್ಜ್ ಬುಕ್ ಇದ್ದರೆ ಅದರ ಪ್ರತಿ ಇಟ್ಟು, ಕೋರ್ಸ್ ವಿವರಗಳಿಗೆ ಅರ್ಜಿ ಕಳಿಸಿ. ಡಿಸ್ಚಾರ್ಜ್ ಬುಕ್ಕೂ ಹೋಗಿದ್ದರೆ ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ತೆಗೆದುಕೊಳ್ಳಿ. ಮಡಿಕೇರಿಯಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ಅಲ್ಲಿ ಈ ಅರ್ಜಿ ಬರೆಯಲು ನೆರವು ಕೇಳಿ, ಉದ್ಯೋಗಕ್ಕೆ ಹೆಸರು ನೋಂದಾಯಿಸದಿದ್ದರೆ ಅದೇ ದಿನ ಅದನ್ನೂ ಮಾಡಿಸಿ. ರೆಕಾರ್ಡ್ಸ್‌ನಿಂದ ಉತ್ತರ ಬರಲು ತಡವಾದರೆ ನಿಮ್ಮ ಅರ್ಜಿಯ ಸ್ವೀಕೃತಿ ಚೀಟಿಯನ್ನೇ ಇಂಟರ್‌ವ್ಯೂಗೆ ತೆಗೆದುಕೊಂಡು ಹೋಗಿ ತೋರಿಸಿ.